ಗ್ರಂಥಕ್ಕಿಂತ ಮೊದಲು ಕೂಟ: ಪಾತ್ರವಹನದ ಆಟಗಳ ಉಗಮ

ಒಂದು ಕಥನಪ್ರಕಾರದ ಉಗಮವನ್ನು ಅರಸುವವರು ಸಾಮಾನ್ಯವಾಗಿ ಅದರ ಮೊದಲ ಗ್ರಂಥದತ್ತ ನೋಡುತ್ತಾರೆ. ಆದರೆ ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಒಂದೊಂದು ಪಾತ್ರವನ್ನು ವಹಿಸಿಕೊಂಡು ಮಾತಿನಲ್ಲಿಯೇ ಕಥೆ ಕಟ್ಟುವ ‘ರೋಲ್ ಪ್ಲೇಯಿಂಗ್’ ಆಟವು ಗ್ರಂಥಸ್ಥವಾಗುವ ಮೊದಲೇ ಆಟಗಾರರ ಕೂಟಗಳಲ್ಲಿ ರೂಪುಗೊಂಡಿತು.

ಇದರ ಬೇರು ಸಮರಕ್ರೀಡೆಯಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ‘ಕ್ರೀಗ್ಸ್‌ಷ್ಪೀಲ್’ನಲ್ಲಿ ನಕ್ಷೆ, ದಾಳ ಹಾಗೂ ಮಧ್ಯಸ್ಥ ಮೂರೂ ಇದ್ದವು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಇಂತಹ ಆಟಗಳು ಹವ್ಯಾಸಿಗಳ ಪಾಲಾದವು. ಆದರೆ ಊರಿಗೊಬ್ಬರಂತೆ ಚದುರಿಹೋಗಿದ್ದ ಅವರಿಗೆ ಎದುರಾಳಿಗಳೇ ದೊರೆಯುತ್ತಿರಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಪಟ್ಟಣದ ಗ್ಯಾರಿ ಗೈಗ್ಯಾಕ್ಸ್ 1968ರ ಆಗಸ್ಟ್‌ನಲ್ಲಿ ಅಲ್ಲಿನ ಸಭಾಭವನವೊಂದನ್ನು 50 ಡಾಲರಿಗೆ ಬಾಡಿಗೆ ಪಡೆದು ಸಮ್ಮೇಳನ ಕರೆದರು. ಸುಮಾರು ನೂರು ಜನ ಬಂದರು. ಅದರ ‘ಜೆನ್ ಕಾನ್’ ಎಂಬ ಹೆಸರು ಒಂದು ಶ್ಲೇಷ: ಊರಿನ ಹೆಸರೂ ಹೌದು, ಯುದ್ಧನಿಯಮಗಳ ಜಿನೀವಾ ಒಪ್ಪಂದದ ನೆನಪೂ ಹೌದು.

ಅದೇ ಕಾಲಕ್ಕೆ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟವನ್ನು ನಡೆಸಿದರು. ಅದರಲ್ಲಿ ಸೇನಾಪತಿಗಳ ಜೊತೆಗೆ ಪೌರಾಧ್ಯಕ್ಷ, ಬ್ಯಾಂಕಿನ ಒಡೆಯ ಮೊದಲಾದ ಪಾತ್ರಗಳನ್ನೂ ಹಂಚಲಾಗಿತ್ತು. ಆಟಗಾರರು ಯುದ್ಧವನ್ನು ಮರೆತು ತಮ್ಮ ತಮ್ಮಲ್ಲೇ ಸಂಚು, ಸಂಧಾನಗಳಲ್ಲಿ ಮುಳುಗಿದರು. ಪ್ರಯೋಗ ವಿಫಲವಾಯಿತೆಂದು ವೆಸ್ಲಿ ಭಾವಿಸಿದರೆ, ಆಡಿದವರು ಮತ್ತೊಮ್ಮೆ ಆಡಿಸಿರೆಂದು ಕೇಳಿದರು. ಆ ಬಳಗದ ಡೇವ್ ಆರ್ನೆಸನ್ ಮತ್ತು ಗೈಗ್ಯಾಕ್ಸ್ ಭೇಟಿಯಾದದ್ದು 1969ರ ಜೆನ್ ಕಾನ್‌ನಲ್ಲಿ. ಈ ಪರಿಚಯದ ಫಲವೇ 1974ರಲ್ಲಿ ಒಂದು ಸಾವಿರ ಪ್ರತಿಗಳಾಗಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಪೆಟ್ಟಿಗೆಯೊಳಗಿನ ಆ ಮೂರು ಕಿರುಹೊತ್ತಗೆಗಳು ಸೂತ್ರಪ್ರಾಯವಾಗಿದ್ದವು; ಓದಿದ ಮಾತ್ರಕ್ಕೆ ಆಟ ತಿಳಿಯುತ್ತಿರಲಿಲ್ಲ. ಬಲ್ಲವರೊಡನೆ ಕುಳಿತು ಆಡುವುದೇ ಅದರ ವ್ಯಾಖ್ಯಾನವಾಗಿತ್ತು. ಸಮ್ಮೇಳನಗಳು ಈ ವ್ಯಾಖ್ಯಾನಕ್ಕೆ ವೇದಿಕೆಯಾದವು. 1975ರಲ್ಲಿ ಬಾಲ್ಟಿಮೋರ್‌ನ ‘ಒರಿಜಿನ್ಸ್’ ಸಮ್ಮೇಳನದ ಸ್ಪರ್ಧೆಗೆಂದು ಗೈಗ್ಯಾಕ್ಸ್ ರಚಿಸಿದ ‘ಟೂಂಬ್ ಆಫ್ ಹಾರರ್ಸ್’ 1978ರಲ್ಲಷ್ಟೇ ಮುದ್ರಣ ಕಂಡಿತು. ಇಲ್ಲಿಯೂ ಮೊದಲು ಕೂಟ, ಅನಂತರ ಪುಸ್ತಕ.

ಹೊಸಬರಿಗೆ ಸಮ್ಮೇಳನದ ಸೊಗಸು ಇರುವುದೂ ಇಲ್ಲಿಯೇ. ಸಿದ್ಧಪಾತ್ರವೊಂದನ್ನು ಕೈಗೆ ಕೊಡುತ್ತಾರೆ. ಮೂರು ನಾಲ್ಕು ಗಂಟೆಗಳ ಕಾಲ ಅಪರಿಚಿತರೇ ಸಹಯಾತ್ರಿಗಳಾಗುತ್ತಾರೆ. ರುಚಿಸದಿದ್ದರೆ ಮುಂದಿನ ಮೇಜಿನಲ್ಲಿ ಬೇರೊಂದು ಆಟ. ನಮ್ಮ ತಾಳಮದ್ದಳೆಯ ಅರ್ಥಧಾರಿಯಂತೆ ಇಲ್ಲಿಯೂ ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ಮಾತನಾಡಬೇಕು. ಆದರೆ ಅಲ್ಲಿ ಪ್ರಸಂಗದ ಅಂತ್ಯ ಮೊದಲೇ ತಿಳಿದಿರುತ್ತದೆ. ಇಲ್ಲಿ ದಾಳ ಉರುಳುವವರೆಗೆ ಆಡಿಸುವವನಿಗೂ ತಿಳಿಯದು.

2003ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿರುವ ಜೆನ್ ಕಾನ್‌ಗೆ 2023ರಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಬಂದರು. ನಿಯಮದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಆ ಮೇಜುಗಳ ಸುತ್ತ ಹುಟ್ಟಿದ ಕಥೆಗಳಲ್ಲಿ ಬಹುಪಾಲು ಆಡಿದವರ ನೆನಪಿನಲ್ಲಷ್ಟೇ ಉಳಿದು ಅವರೊಡನೆ ಮರೆಯಾಗುತ್ತವೆ. ಈ ಪ್ರಕಾರವನ್ನು ಅಭ್ಯಸಿಸುವವರು ಮುದ್ರಿತ ಪಠ್ಯವನ್ನೇ ಕೃತಿಯೆಂದು ಭಾವಿಸದೆ, ಒಮ್ಮೆಯಾದರೂ ಆ ಮೇಜಿನ ಮುಂದೆ ಕುಳಿತು ನೋಡುವುದು ಅವಶ್ಯ.