ಟೋಂಗಾ ಸೀಮೆಯ ಮುಸುಕಿನ ಜೋಳ

ಧಾನ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಲದ ವಿಚಾರವನ್ನು ಹೇಳಿ ನಿಲ್ಲಿಸುವರು. ಆದರೆ ಒಕ್ಕಲಿಗನ ಭಾಗ್ಯವು ನಿರ್ಣಯವಾಗುವುದು ಕಣದಿಂದ ಪೇಟೆಯವರೆಗಿನ ದಾರಿಯಲ್ಲಿ. ಆಫ್ರಿಕಾ ಖಂಡದ ಜಾಂಬಿಯಾ ದೇಶದ ಕಥೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಮುಸುಕಿನ ಜೋಳವು ಆಫ್ರಿಕಾದ ಮೂಲಧಾನ್ಯವಲ್ಲ. ಅಮೆರಿಕದಿಂದ ಪೋರ್ಚುಗೀಜರ ಕಾಲದಲ್ಲಿ ಬಂದುದು. ಜಾಂಬಿಯಾದ ದಕ್ಷಿಣದಲ್ಲಿ ಟೋಂಗಾ ಜನರ ಪ್ರಸ್ಥಭೂಮಿಯುಂಟು. 1905ರಲ್ಲಿ ಜಾಂಬೆಜಿ ನದಿಗೆ ಸೇತುವೆಯಾಗಿ, ಮರುವರ್ಷವೇ ಹೊಗೆಬಂಡಿಯ ಹಾದಿಯು ಈ ಸೀಮೆಯನ್ನು ದಾಟಿ ಇಂದಿನ ಕಾಬ್ವೆ ಪಟ್ಟಣವನ್ನು ಮುಟ್ಟಿತು. ಉತ್ತರದ ತಾಮ್ರದ ಗಣಿಗಳಲ್ಲಿ ದುಡಿಯುವ ಕೂಲಿಗಳಿಗೆ ಹಿಟ್ಟು ಬೇಕಾಗಿದ್ದಿತು. ಟೋಂಗಾ ರೈತರು ನೇಗಿಲನ್ನು ಕೊಂಡು, ಎತ್ತುಗಳನ್ನು ಪಳಗಿಸಿ, ಜೋಳದ ಮೂಟೆಗಳನ್ನು ಬಂಡಿಯಲ್ಲಿ ಹೇರಿ ನಿಲ್ದಾಣದ ಬಳಿಯ ವರ್ತಕರಿಗೆ ಮಾರತೊಡಗಿದರು.

ಆದರೆ ಹಾದಿಯ ಇಕ್ಕೆಲದ ಒಳ್ಳೆಯ ನೆಲವು ಯೂರೋಪಿಯನರ ಪಾಲಾಯಿತು. 1920ರ ದಶಕದ ಕೊನೆಗೆ ಅನೇಕ ಟೋಂಗಾ ಕುಟುಂಬಗಳನ್ನು ದೂರದ ಮೀಸಲು ಪ್ರದೇಶಗಳಿಗೆ ಸರಿಸಲಾಯಿತು. ದಾರಿ ಬೆಳೆದಂತೆ ಸಾಗಣೆಯ ವೆಚ್ಚವೂ ಬೆಳೆಯಿತು. ಬೆಲೆಗಳು ಕುಸಿದ ಮೇಲೆ, 1930ರ ದಶಕದ ನಡುವೆ ಕಾನೂನಿನಿಂದ ಜೋಳದ ನಿಯಂತ್ರಣ ಮಂಡಲಿಯು ಏರ್ಪಟ್ಟಿತು. ದೇಶದೊಳಗಿನ ಲಾಭಕರ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಯೂರೋಪಿಯನರಿಗೆ, ಕಾಲು ಪಾಲು ಆಫ್ರಿಕನರಿಗೆ ಎಂದು ಗೊತ್ತಾಯಿತು. ಮಿಕ್ಕ ಜೋಳವು ಪರದೇಶದ ಅಗ್ಗದ ಬೆಲೆಗೆ ಹೋಗಬೇಕು. ಹೀಗೆ ಬೆಳೆದವನ ಮೈಬಣ್ಣವೂ ಮೂಟೆಯ ಬೆಲೆಯೊಳಗೆ ಸೇರಿತು.

1964ರಲ್ಲಿ ದೇಶವು ಸ್ವತಂತ್ರವಾಯಿತು. 1969ರಲ್ಲಿ ರಾಷ್ಟ್ರೀಯ ಮಾರಾಟ ಮಂಡಲಿಯು ಹುಟ್ಟಿತು. 1974ರಿಂದ ದೇಶಕ್ಕೆಲ್ಲ ಒಂದೇ ಬೆಲೆಯಾಯಿತು. ಗಡಿನಾಡಿನ ಬಡ ರೈತನಿಗೂ ಹೊಗೆಬಂಡಿಯ ಹಾದಿಯ ಬಳಿಯವನಷ್ಟೇ ಹಣ ದೊರೆಯುವಂತಾದುದು ಸಾಮಾನ್ಯ ಉಪಕಾರವಲ್ಲ. ಆದರೆ ಸಾಗಣೆಯ ಭಾರವನ್ನೆಲ್ಲ ಬೊಕ್ಕಸವೇ ಹೊರಬೇಕಾಯಿತು. ಬೊಕ್ಕಸವಾದರೋ ತಾಮ್ರವನ್ನು ನಂಬಿದ್ದಿತು. ತಾಮ್ರದ ಬೆಲೆಯಿಳಿಯಲು ಸಾಲವೇರಿತು. ಹಿಟ್ಟಿನ ಬೆಲೆಯನ್ನೇರಿಸಿದಾಗ 1986ರಲ್ಲಿಯೂ 1990ರಲ್ಲಿಯೂ ಪಟ್ಟಣಗಳಲ್ಲಿ ದಂಗೆಗಳಾಗಿ ಜನರು ಸತ್ತರು. ನಡುವೆ 1989ರಲ್ಲಿ ಮಂಡಲಿಯು ಮುಚ್ಚಿಹೋಯಿತು.

ಆಮೇಲೆ ಖಾಸಗಿ ವರ್ತಕರಿಗೆ ಬಾಗಿಲು ತೆರೆಯಿತು. 1990ರ ದಶಕದ ನಡುವೆ ಆಹಾರ ಸಂಗ್ರಹದ ಸಂಸ್ಥೆಯೊಂದು ಸ್ಥಾಪಿತವಾಗಿ, ಮುಂದೆ ಗೊತ್ತಾದ ಬೆಲೆಗೆ ಜೋಳವನ್ನು ಕೊಳ್ಳತೊಡಗಿತು. ಆದರೆ ಹಣವು ರೈತನ ಕೈಸೇರಲು ಎಷ್ಟೋ ವರ್ಷ ತಿಂಗಳುಗಳೇ ಹಿಡಿದುವು. ವರ್ತಕನು ಸುಗ್ಗಿಯಲ್ಲಿಯೇ ಹಳ್ಳಿಗೆ ಬಂದು, ತಗಡಿನ ಡಬ್ಬಿಯಲ್ಲಿ ಅಳೆದು, ಕಡಮೆ ಬೆಲೆಯನ್ನಾದರೂ ರೊಕ್ಕವಾಗಿ ಎಣಿಸುವನು. ಮನೆಯಲ್ಲಿ ಔಷಧಕ್ಕೂ ಮಕ್ಕಳ ಓದಿಗೂ ಹಣವಿಲ್ಲದವನು ಅವನಿಗೇ ಮಾರುವನು. ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಅದೇ ಧಾನ್ಯವನ್ನು ಹೆಚ್ಚು ಬೆಲೆಗೆ ಕೊಳ್ಳುವುದೂ ಉಂಟು.

ಆಳುವವರು ಬದಲಾದರು, ಕಾನೂನುಗಳು ಬದಲಾದುವು. ಕಾಯಲಾರದ ರೈತನು ಮಾತ್ರ ಮೊದಲಿನಂತೆಯೇ ದಾರಿಯ ಬದಿಯಲ್ಲಿ ಮೂಟೆಯೊಡನೆ ನಿಂತಿರುವನು.