ಡಯಲ್‌ನಲ್ಲಿ ಉಳಿದ ಮೈಲಿಗಳು

ಡ್ಯಾಶ್‌ಬೋರ್ಡ್ ಎಂಬ ಹೆಸರು ಕಾರಿಗಿಂತ ಹಳೆಯದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕೂತವರ ಮೈಗೆ ತಾಗದಂತೆ ಮುಂದೆ ಅಡ್ಡಲಾಗಿ ನಿಲ್ಲಿಸುತ್ತಿದ್ದ ಹಲಗೆ ಅದು. ಮೋಟಾರು ಬಂದ ಮೇಲೆ ಆ ಜಾಗಕ್ಕೆ ಮೀಟರುಗಳು ಬಂದವು. ಹೆಸರು ಹಾಗೇ ಉಳಿಯಿತು.

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆ ಮನೆಯಂಗಳದಲ್ಲಿ ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳ ಡ್ಯಾಶ್‌ಬೋರ್ಡ್ ಸರಿಪಡಿಸಲು ಹೊರಟವರಿಗೆ ಮೊದಲ ಶತ್ರು ಕಡಲಿನ ಉಪ್ಪುಗಾಳಿ. ಪೆಟ್ರೋಲ್ ಮೀಟರಿನ ಮುಳ್ಳು ಏಳದಿದ್ದರೆ ಮೀಟರೇ ಕೆಟ್ಟಿರಬೇಕೆಂದಿಲ್ಲ. ತಂತಿಯ ತುದಿಗೆ ಕಿಲುಬು ಹಿಡಿದಿದ್ದರೂ ಸಾಕು. ಮೊದಲು ಬ್ಯಾಟರಿ ಕಳಚಿ, ಪ್ರತಿ ತಂತಿಗೂ ಗುರುತಿನ ಚೀಟಿ ಕಟ್ಟಿ, ಆಮೇಲೆ ಬಿಚ್ಚುವುದು ಕ್ರಮ. ಹಳೆಯ ಸ್ಪೀಡೋಮೀಟರಿಗೆ ವಿದ್ಯುತ್ತು ಬೇಡ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸೆಳೆತಕ್ಕೆ ಮುಳ್ಳು ಏಳುತ್ತದೆ. ಕೇಬಲ್‌ನೊಳಗಿನ ಗ್ರೀಸ್ ಒಣಗಿದರೆ ಮುಳ್ಳು ನಡುಗುತ್ತದೆ.

ಹೊಳಪಿನ ಆಸೆಗೆ ಡಯಲನ್ನೇ ಬದಲಿಸುವ ಮುನ್ನ ಯೋಚಿಸಬೇಕು. ಹಳೆಯ ಕೆಲವು ಡಯಲ್‌ಗಳಲ್ಲಿ ವೇಗ ಇರುವುದು ಮೈಲಿಯಲ್ಲಿ. 1956ರ ತೂಕ ಮತ್ತು ಅಳತೆ ಕಾಯಿದೆಯ ಬಳಿಕ ದೇಶ ಹಂತಹಂತವಾಗಿ ಕಿಲೋಮೀಟರಿಗೆ ಹೊರಳಿತು. ಅದಕ್ಕೂ ಹಿಂದಿನ ರೂಢಿಗೆ ಈ ಡಯಲ್ ಸಾಕ್ಷಿ. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿರುವುದರಿಂದ ಅಂಕಿ ಮಾಸಿದ್ದರೂ ಅದನ್ನು ಮೆಲ್ಲಗೆ ಒರೆಸಿ ಉಳಿಸಿಕೊಳ್ಳುವುದೇ ಲೇಸು.