ಯಮಹಾ ಆರ್‌ಎಕ್ಸ್ 100: ಕೊಡಗಿನ ಘಟ್ಟಕ್ಕೆ ಹದಗೊಳಿಸುವ ಬಗೆ

ಜಪಾನಿನ ಯಮಹಾ ಕಂಪನಿಯು ಎಸ್ಕಾರ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ 1985ರಲ್ಲಿ ಭಾರತಕ್ಕೆ ತಂದ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100. 98 ಸಿಸಿ ಎಂಜಿನ್, ಸುಮಾರು 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ. ಅದರ ಚುರುಕಿನ ಗುಟ್ಟು ಇಷ್ಟೇ. 1996ರಲ್ಲಿ ತಯಾರಿಕೆ ನಿಂತರೂ ರಾಜ್ಯದಲ್ಲಿ ಅದರ ಅಭಿಮಾನಿಗಳಿಗೆ ಕೊರತೆಯಿಲ್ಲ. ಇಂತಹ ಬೈಕ್ ಕೊಡಗಿನ ಏರುದಾರಿಯಲ್ಲಿ ಏದುಸಿರು ಬಿಡುವುದಕ್ಕೆ ಮುಪ್ಪೊಂದೇ ಕಾರಣವಲ್ಲ. ಎತ್ತರ ಮತ್ತು ಮಳೆಗೂ ಅದರಲ್ಲಿ ಪಾಲಿದೆ.

ಎತ್ತರದ ಪರಿಣಾಮ

ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಕಾರ್ಬುರೇಟರ್ ಅಷ್ಟೇ ಪ್ರಮಾಣದಲ್ಲಿ ಪೆಟ್ರೋಲನ್ನು ತಗ್ಗಿಸುವುದಿಲ್ಲ. ಹೀಗಾಗಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ, ಎಳೆತ ಕುಗ್ಗುತ್ತದೆ. ಮೇನ್ ಜೆಟ್ಟನ್ನು ಒಂದು ಅಳತೆ ಕಿರಿದುಗೊಳಿಸಿದರೆ ಇದು ಸರಿಹೋಗುತ್ತದೆ.

ಆದರೆ ಅಪಾಯವಿರುವುದೂ ಇಲ್ಲಿಯೇ. ಮಡಿಕೇರಿಗೆಂದು ಜೆಟ್ ಬದಲಿಸಿದ ಬೈಕ್ ಸಂಪಾಜೆ ಘಾಟಿ ಇಳಿದು ಮಂಗಳೂರಿನತ್ತ ವೇಗವಾಗಿ ಸಾಗಿದರೆ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಕಾಯುತ್ತದೆ. ಆಗ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು, ಹಿಂದಿನ ಚಕ್ರ ಹಠಾತ್ತನೆ ನಿಲ್ಲಬಹುದು. ಘಟ್ಟದ ಮೇಲೆ ಕೆಳಗೆ ಎರಡೂ ಕಡೆ ಓಡಾಡುವವರು ಮೂಲ ಜೆಟ್ಟನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಮೊದಲು ಗಮನಿಸಬೇಕಾದವು

ಕಳೆದುಹೋದ ಶಕ್ತಿಯ ಬಹುಪಾಲು ಸ್ವಚ್ಛತೆಯಿಂದಲೇ ಮರಳುತ್ತದೆ. ಸೈಲೆನ್ಸರ್ ಮತ್ತು ಎಗ್ಸಾಸ್ಟ್ ದ್ವಾರದಲ್ಲಿ ಕಟ್ಟಿದ ಮಸಿಯನ್ನು ತೆಗೆಯಬೇಕು. ಕಾರ್ಬುರೇಟರಿನ ಹಿಂದಿರುವ ರೀಡ್ ವಾಲ್ವಿನ ತೆಳು ಹಾಳೆಗಳು ಸರಿಯಾಗಿ ಮುಚ್ಚಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು. ಕೊಡಗಿನ ದೀರ್ಘ ಮಳೆಗಾಲದಲ್ಲಿ ಏರ್ ಫಿಲ್ಟರ್ ತೇವಗೊಳ್ಳುತ್ತದೆ, ಇಗ್ನಿಷನ್ ಪಾಯಿಂಟ್ ಕಿಲುಬು ಹಿಡಿಯುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿದ್ದರೆ ಹೊರಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಅಂಥ ಎಂಜಿನ್ನಿಗೆ ಯಾವ ಜೆಟ್ಟೂ ಒಗ್ಗದು. ಎಲ್ಲ ಸರಿಯಿದ್ದಾಗ ಪ್ಲಗ್ಗಿನ ತುದಿ ಕಂದುಬಣ್ಣಕ್ಕಿರುತ್ತದೆ. ಬಿಳಿಚಿಕೊಂಡಿದ್ದರೆ ಅದು ಅಪಾಯದ ಸೂಚನೆ.

ಬ್ರೇಕ್ ಮತ್ತು ಕಾನೂನು

ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ವೇಗವನ್ನು ಹೆಚ್ಚು ತಡೆಯುವುದಿಲ್ಲ. ಭಾರವೆಲ್ಲ ಡ್ರಮ್ ಬ್ರೇಕುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ವೇಗ ಹೆಚ್ಚಿಸುವ ಮುನ್ನ ಬ್ರೇಕ್ ಶೂ, ಕೇಬಲ್ ಮತ್ತು ಟೈರುಗಳನ್ನು ಹೊಸದಾಗಿಸುವುದು ಒಳಿತು.

ಪೋರ್ಟ್ ಕೊರೆಸುವುದು, ಖಾಲಿ ಸೈಲೆನ್ಸರ್ ಹಾಕಿಸುವುದು ಮೊದಲಾದ ಮಾರ್ಪಾಡುಗಳಿಗೆ ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಇಂತಹ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. 2021ರ ನಿಯಮಗಳ ಪ್ರಕಾರ 'ವಿಂಟೇಜ್' ಮಾನ್ಯತೆ ದೊರೆಯುವುದು ಮೂಲರೂಪ ಉಳಿಸಿಕೊಂಡ, 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಮೊದಲ ಆರ್‌ಎಕ್ಸ್ 100 ಬೈಕುಗಳು ಆ ವಯಸ್ಸನ್ನು ಮುಟ್ಟುವುದು 2035ರಲ್ಲಿ. ಅಲ್ಲಿಯವರೆಗೆ ಮೂಲ ಬಿಡಿಭಾಗಗಳನ್ನು ಜೋಪಾನ ಮಾಡಿದವರಿಗೇ ಆ ಅರ್ಹತೆ.